ಅಪ್ಪನ ಪಟಿಕದ ಕಲ್ಲು

ಅಂಗಡಿ ಮೇಲಿನ ಕೋಣೆಯಿಂದ,
ಮಾರ್ಚ್ ೪

ಪ್ರೀತಿಯ ತಮ್ಮಾ,

ಮೇಲಿನ 'ಪ್ರೀತಿಯ' ಎಂಬುದು ನನ್ನ ಮಗಳು ಹೇಳಿ ಬರೆಸಿದ್ದು. ನಾನಾಗಿದ್ದರೆ ಬರೀ ತಮ್ಮಾ ಎಂದು ಬಿಡುತ್ತಿದ್ದೆ. ಬರೆಯುವ ಕೆಲಸ ನನಗೆ ಆಗಿಬರುವುದಿಲ್ಲ ಎಂದು ನಿನಗೆ ಗೊತ್ತು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಅಪ್ಪನ ಮಾಂಸದಂಗಡಿಯಲ್ಲಿ ಕತ್ತಿ ಹಿಡಿದವಳು. ಈ ಐವತ್ತು ವರ್ಷದಲ್ಲಿ ನಾನು ಬರೆದದ್ದೆಂದರೆ ಅಂಗಡಿ ಬಾಗಿಲಿಗೆ ತೂಗುಹಾಕುವ 'ಇಂದು ರಜೆ' ಎಂಬ ಹಲಗೆ ಒಂದೇ, ಅದನ್ನೂ ತೊಳೆದು ತೊಳೆದು ಮತ್ತೆ ಅದನ್ನೇ ನೇತುಹಾಕುತ್ತೇನೆ. ಈಗ ಆಸ್ಪತ್ರೆಯ ಡಾಕ್ಟರಮ್ಮ ದಿನಾ ಐದು ಸಾಲು ಬರೆಯಲೇಬೇಕು ಎಂದು ಕಟ್ಟುಮಾಡಿದ್ದಾಳೆ. ಏನು ಬರೆಯಲಿ ಎಂದರೆ, "ಏನಾದ್ರೂ ಬರೀರಿ ಅಮ್ಮ, ಅಕ್ಷರ ನೆಟ್ಟಗಿದ್ಯಾ ಅಂತ ನೋಡ್ಬೇಕು ಅಷ್ಟೆ" ಎನ್ನುತ್ತಾಳೆ. ಮೂರು ದಿನ ಒಂದರಿಂದ ನೂರರವರೆಗೆ ಬರೆದೆ. ತಲೆ ಕೆಟ್ಟಿತು. "ಅಷ್ಟು ಕಷ್ಟಪಡೋದಾದ್ರೆ ಮಾವನಿಗೇ ಬರಿ, ನೀನು ಬಾಯಲ್ಲಿ ಹೇಳಿದ್ರೆ ಜಗಳ ಆಗುತ್ತೆ" ಎಂದಳು ಮಗಳು. ಅದೂ ನಿಜ. ಅವಳ ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲಾಗುವುದಿಲ್ಲ. ಹರಿಯಬಹುದು. ಪೂರ್ತಿ ಓದಿ ಆಮೇಲೆ ಹರಿ.

ಹೇಗಿದ್ದೀಯ? ಬಾಯಿಮಾತಿಗೆ ಕೇಳುತ್ತಿಲ್ಲ. ಊಟ ಸೇರುತ್ತದೆಯೇ? ಸಂಜೆಯಾಗುವಷ್ಟರಲ್ಲಿ ಮೈಯೆಲ್ಲ ಸೋತುಹೋಗುತ್ತದೆಯೇ? ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಎನಿಸುತ್ತದೆಯೇ? ಇದ್ಯಾವುದೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ ಎನ್ನುತ್ತೀ. ಅದೇ ನನಗೆ ಹೆದರಿಕೆ. ಹೋದ ಮಳೆಗಾಲದವರೆಗೆ ನಾನೂ ಗುಂಡುಕಲ್ಲಿನ ಹಾಗೇ ಇದ್ದೆ. ನಿನ್ನ ಹೆಂಡತಿ ಹೇಗಿದ್ದಾಳೆ, ಮಗು ಹೇಗಿದೆ? ಮಗುವಿಗೆ ಆರು ತುಂಬಿತಂತೆ, ನಿನ್ನ ಹಾಗೆಯೇ ಮೊಂಡಂತೆ, ಮಗಳು ಫೋಟೋ ತೋರಿಸಿದಳು. ಹಣೆ ಅಮ್ಮನದು. ನೀನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುತ್ತೀ ಎಂದು ಕುರಿ ವ್ಯಾಪಾರಿ ಮೀಸೆ ಮಾಮ ಹೇಳಿದ. "ಕತ್ತಿ ಬಿಟ್ಟೋನು ಬ್ರೆಡ್ಡು ಕೊಯ್ತಾವ್ನೆ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಸುದ್ದಿಗೆ ಬರುತ್ತೇನೆ. ನನ್ನ ಈಲಿ ಕೆಟ್ಟಿದೆ. ನಾವು ಅಂಗಡಿಯಲ್ಲಿ ಈಲಿ ಎನ್ನುವುದನ್ನೇ ಡಾಕ್ಟರಮ್ಮ ಲಿವರ್ ಎನ್ನುತ್ತಾಳೆ, ಅವಳ ಕೋಣೆಯ ಗೋಡೆಪಟದಲ್ಲಿ ಯಕೃತ್ತು ಎಂದು ಬರೆದಿದೆ. ಹೆಸರು ಯಾವುದಾದರೇನು, ನನ್ನದು ಗಂಟುಗಂಟಾಗಿ ಕುಗ್ಗಿದೆ, ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ, ಪಕ್ಕದಲ್ಲಿ ಅದರ ಎರಡು ಮರಿ. ಮಗಳು ತನ್ನದರಲ್ಲಿ ಅರ್ಧ ಕೊಡುತ್ತೇನೆಂದು ಹಟ ಹಿಡಿದಳು. ಅರ್ಧ ಕೊಯ್ದು ಕೊಟ್ಟರೂ ಕೊಟ್ಟವರದು ಕೆಲವು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದಂತೆ, ಈಲಿಗೆ ಅಂಥ ಗುಣ ಇದೆಯಂತೆ. ಆದರೆ ನನ್ನ ಗಡ್ಡೆ ರಕ್ತನಾಳದೊಳಕ್ಕೆ ಇಳಿದುಬಿಟ್ಟಿದೆ, ಹೊಸದು ಹಾಕಿದರೂ ಅದು ಅಲ್ಲಿಗೂ ಹತ್ತುತ್ತದೆ ಎಂದರು. ಹಾಗಾಗಿ ನಿನ್ನ ಈಲಿ ಕೇಳಲು ಬರೆದಿದ್ದೇನೆ ಎಂದು ಹೆದರಬೇಡ. ನನ್ನದು ಮುಗಿಯಿತು. ನಿನ್ನದು ಮುಗಿಯಬಾರದು ಎಂದು ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸು. ಇಷ್ಟು ಓದಿದ ಕೂಡಲೇ ನೀನು ಕಾಗದ ಮುದುರುತ್ತೀ, ನನಗೆ ಗೊತ್ತು. ಒಂಬತ್ತು ವರ್ಷ ಆದ್ರೂ ಕುಡುಕ ಅನ್ನೋದು ಬಿಟ್ಟಿಲ್ಲ ನೋಡು ಎಂದು ಹೆಂಡತಿಗೆ ಹೇಳುತ್ತೀ. ಅಲ್ಲ ಕಣೋ. ಮುದುರಿದ್ದರೆ ಬಿಡಿಸು. ಮುಂದೆ ಓದು.

ಡಾಕ್ಟರಮ್ಮ ಪಟ ತೋರಿಸಿ ಪಾಠ ಶುರುಮಾಡಿದಾಗ ನನಗೆ ಸಿಟ್ಟು ಬಂತು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು ಅಷ್ಟೆ, ಈಲಿ ಎಂದರೇನು ಎಂದು ನನಗೆ ಹೇಳಿಕೊಡುತ್ತಾಳೆ. "ಇದನ್ನ ಬರೆದೋರು ಈಲಿ ಕೈಯಲ್ಲಿ ಹಿಡಿದೋರಲ್ಲ, ಅಂಚು ಇಷ್ಟು ದಪ್ಪ ಇರಲ್ಲ" ಎಂದೆ. ಅವಳು ನಕ್ಕು, "ಹಾಗಾದ್ರೆ ನೀವೇ ಹೇಳಿ ಅಮ್ಮ, ಅದು ಏನು ಕೆಲಸ ಮಾಡುತ್ತೆ?" ಎಂದಳು. ಎಷ್ಟು ಸಾವಿರ ಈಲಿ ಕೊಯ್ದಿದ್ದೇನೋ. ಎಲ್ಲಿ ಕೈಹಾಕಿದರೆ ಸಿಗುತ್ತದೆ, ಪಿತ್ತದ ಚೀಲ ಒಡೆಯದ ಹಾಗೆ ಹೇಗೆ ಬಿಡಿಸಬೇಕು, ಬೆರಳು ಒತ್ತಿದರೆ ಎಷ್ಟು ತಗ್ಗಬೇಕು, ಎಲ್ಲ ಗೊತ್ತು. ಏನು ಮಾಡುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ನಮ್ಮ ಕೈಗೆ ಬರುವಾಗ ಅದು ಏನೂ ಮಾಡುತ್ತಿರುವುದಿಲ್ಲವಲ್ಲ.

ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿದೆ. ನಮ್ಮ ಅಮ್ಮ ಅಂಗಡಿಯ ಹಿಂಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳಲ್ಲ, ಈಲಿಯ ಕೆಲಸ ಅದೇ. ಒಳಗೆ ಬರುವುದೆಲ್ಲ ಅವಳ ಕಣ್ಣಿನ ಮುಂದೆ ಹಾದೇ ಬರಬೇಕಿತ್ತು. ಒಳ್ಳೆಯದು ಕಟ್ಟೆಗೆ, ಹೆಚ್ಚಾದದ್ದು ಐಸ್ ಪೆಟ್ಟಿಗೆಗೆ, ಕೆಟ್ಟದ್ದು ತಂದವನ ಮುಖಕ್ಕೆ. ಹಾಗೆಯೇ ನಾವು ಉಂಡದ್ದು ಕರುಳಿನಲ್ಲಿ ಕರಗಿ ರಕ್ತಕ್ಕೆ ಸೇರಿದರೆ, ಆ ರಕ್ತ ಒಂದು ದಪ್ಪ ನಾಳದಲ್ಲಿ ಮೊದಲು ಈಲಿಗೇ ಬರುತ್ತದೆ, ಅಲ್ಲಿಂದ ಆಚೆಗೆ ಉಳಿದ ಮೈಗೆ. ಊಟ ಆದಾಗ ಹೆಚ್ಚಿನ ಸಕ್ಕರೆಯನ್ನು ಅದು ಎತ್ತಿಟ್ಟುಕೊಳ್ಳುತ್ತದೆ, ಹಸಿದಿರುವಾಗ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ನಾವು ಬೆಳಗ್ಗೆ ಐದಕ್ಕೆ ಬರಿಹೊಟ್ಟೆಯಲ್ಲಿ ಇಡೀ ಕುರಿ ಎತ್ತಿ ಕೊಕ್ಕೆಗೆ ಹಾಕುತ್ತಿದ್ದದ್ದು ಅದರ ದಯೆಯಿಂದ. ಕೈ ಕೊಯ್ದುಕೊಂಡರೆ ರಕ್ತ ಹೆಪ್ಪುಗಟ್ಟುತ್ತದಲ್ಲ, ಆ ಹೆಪ್ಪಿಗೆ ಬೇಕಾದ ಸಾಮಾನು ತಯಾರಾಗುವುದೂ ಅಲ್ಲೇ. ನೀರು ರಕ್ತನಾಳದಿಂದ ಆಚೆ ಸೋರದ ಹಾಗೆ ಹಿಡಿದಿಡುವ ಒಂದು ಸತ್ವವನ್ನೂ ಅದೇ ಮಾಡುತ್ತದೆ. ಅದು ಕಡಿಮೆಯಾಗಿ, ಗಟ್ಟಿಯಾದ ಈಲಿಯಲ್ಲಿ ರಕ್ತ ಸಲೀಸಾಗಿ ಹಾಯಲಾಗದೆ ಹಿಂದಕ್ಕೆ ಒತ್ತಿದಾಗ, ನೀರು ಹೊಟ್ಟೆಯಲ್ಲಿ ನಿಲ್ಲುತ್ತದೆ. ನನ್ನ ಹೊಟ್ಟೆ ಈಗ ಎಂಟು ತಿಂಗಳ ಬಸುರಿಯ ಹಾಗಿದೆ. ಹೋದ ವಾರ ಸೂಜಿ ಹಾಕಿ ಒಂದು ಬಕೆಟ್ ತೆಗೆದರು, ಮತ್ತೆ ತುಂಬುತ್ತಿದೆ.

ಇನ್ನು ಹಳದಿ. ಇದನ್ನು ನೀನು ಎರಡು ಸಲ ಓದು. ಮೈಯಲ್ಲಿ ಹಳೆಯ ರಕ್ತ ದಿನಾ ಒಡೆಯುತ್ತದೆ, ಹೊಸದು ಹುಟ್ಟುತ್ತದೆ. ಒಡೆದದ್ದರಿಂದ ಒಂದು ಹಳದಿ ಕಸ ಬರುತ್ತದೆ. ಈಲಿ ಅದನ್ನು ಬಾಚಿ ಪಿತ್ತದೊಳಗೆ ಹಾಕಿ ಕರುಳಿಗೆ ದಬ್ಬುತ್ತದೆ. ಪಿತ್ತಕ್ಕೆ ಆ ಬಣ್ಣ ಅದರಿಂದಲೇ. ಜಿಡ್ಡು ಕರಗಿಸಲು ಪಿತ್ತ ಬೇಕು, ಕಸ ಹೊರಗೆ ಹೋಗಲೂ ಅದೇ ದಾರಿ. ಈಲಿಗೆ ಏಟು ಬಿದ್ದರೆ ಆ ಕಸ ಹಿಂದಕ್ಕೆ ರಕ್ತಕ್ಕೇ ಬರುತ್ತದೆ, ಆಗ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗುತ್ತದೆ. ಏಟು ಯಾವುದು ಬೇಕಾದರೂ ಆಗಿರಬಹುದು. ಹೆಂಡ ಅದರಲ್ಲಿ ಒಂದು, ಅಷ್ಟೆ. ಹಳದಿ ಕಣ್ಣಿಗೂ ಹೆಂಡಕ್ಕೂ ಗಂಟು ಹಾಕಿದ್ದು ನಮ್ಮ ಮನೆಯವರು. ಒಂದು ತೊಟ್ಟು ನಾಲಗೆಗೆ ಸೋಕಿಸದ ನನ್ನ ಕಣ್ಣನ್ನು ಈಗ ನೀನು ನೋಡಬೇಕಿತ್ತು, ಅರಿಸಿನದ ಕೊಂಬಿನ ಹಾಗಿದೆ. ಅಂಗಡಿಗೆ ಇಳಿದರೆ ಗಿರಾಕಿಗಳು ನನ್ನನ್ನು ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾರೆ. ಏನು ಪಿಸುಗುಟ್ಟುತ್ತಾರೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಎಲ್ಲಕ್ಕಿಂತ ಕೆಟ್ಟದ್ದು ತಲೆಯದು. ಉಂಡ ಅನ್ನದಿಂದ ಕರುಳಿನಲ್ಲಿ ಸ್ವಲ್ಪ ವಿಷ ಹುಟ್ಟುತ್ತದೆ. ಆರೋಗ್ಯದ ಈಲಿ ಅದನ್ನು ಮುರಿದು ಮೂತ್ರಕ್ಕೆ ಕಳಿಸುತ್ತದೆ. ಕೆಟ್ಟ ಈಲಿ ಹಾಗೇ ಬಿಟ್ಟುಬಿಡುತ್ತದೆ, ಅದು ನೇರ ತಲೆಗೆ ಏರುತ್ತದೆ. ಕೈ ನಡುಗುತ್ತದೆ, ಹಗಲು ನಿದ್ದೆ, ಮಾತು ತಪ್ಪುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಡಾಕ್ಟರಮ್ಮ ದಿನಾ ಬರೆಸುವುದು ಇದಕ್ಕೇ. ಒಂದು ಸಿಹಿ ಔಷಧ ಕೊಟ್ಟಿದ್ದಾಳೆ, ಕುಡಿದರೆ ದಿನಕ್ಕೆ ಮೂರು ಸಲ ಹೊರಕ್ಕೆ ಓಡಬೇಕು, ವಿಷ ಹಾಗೆ ಇಳಿಯುತ್ತದಂತೆ. ಅವಳು ಇದನ್ನು ಹೇಳುತ್ತಿದ್ದಾಗ ನನಗೆ ಅಪ್ಪ ನೆನಪಾದ. ಕಡೆಯ ತಿಂಗಳು ಅಪ್ಪ ಚಪ್ಪಲಿಯನ್ನು ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದು ನೆನಪಿದೆಯಾ? ನನ್ನನ್ನು ಅವನ ತಾಯಿಯ ಹೆಸರು ಹಿಡಿದು ಕರೆದದ್ದು? ಹಾಸಿಗೆ ಹಿಡಿದವನಿಗೆ ಯಾರು ಹೆಂಡ ತಂದು ಕುಡಿಸಿದರು ಎಂದು ನಾನೂ ನೀನೂ ಪಕ್ಕದ ಮನೆಯ ಟೈಲರ್ ಜೊತೆ ಬೀದಿಯಲ್ಲಿ ನಿಂತು ಜಗಳವಾಡಿದೆವು. "ನಾಲ್ಕು ವರ್ಷ ಆಯ್ತು ಕಣ್ರೇ ಬಿಟ್ಟು" ಎಂದು ಅಪ್ಪ ಹೇಳುತ್ತಲೇ ಇದ್ದ. "ಬಿಟ್ಟೋರ ಹೊಟ್ಟೆ ಹಿಂಗೆ ಊದುತ್ತಾ?" ಎಂದು ಅಮ್ಮ ಗೋಡೆಯ ಕಡೆ ತಿರುಗಿ ಕೂತಳು. ಅಪ್ಪ ಸತ್ತಾಗಲೂ ಅವಳು ಕುಡಿದು ಸತ್ತ ಎಂದೇ ಅತ್ತಳು. ಅವನು ನಿಜ ಹೇಳಿದ್ದ ಕಣೋ. ಟೈಲರ್ ಮೊನ್ನೆ ನನ್ನನ್ನು ನೋಡಲು ಬಂದಿದ್ದ. ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಅವನಿಗೆ ನೆನಪೇ ಇರಲಿಲ್ಲ.

ನೀನು ಕೇಳುತ್ತೀ, ನನಗೆ ನೋವಿಲ್ಲ, ಜ್ವರವಿಲ್ಲ, ನಾನೇಕೆ ರಕ್ತ ಕೊಡಲಿ ಎಂದು. ಅಪ್ಪ ಇದ್ದಾಗ ಬಂದ ಆ ಬಿಳಿ ಟಗರು ಜ್ಞಾಪಿಸಿಕೋ. ಮೀಸೆ ಮಾಮನನ್ನು ಮೆಟ್ಟಿಲಿಂದ ಕೆಳಗೆ ಗುಮ್ಮಿ ಕೆಡವಿತಲ್ಲ, ನೀನು ನಕ್ಕು ನಕ್ಕು ನೆಲದ ಮೇಲೆ ಕೂತೆ. ಅಂಥ ಟಗರು. ಹೊಟ್ಟೆ ಸೀಳಿದರೆ ಈಲಿ ಜಲ್ಲಿಕಲ್ಲಿನ ಚೀಲದ ಹಾಗಿತ್ತು, ಕತ್ತಿ ಹಾಕಿದರೆ ಕರಕರ ಸದ್ದು. ಬೆಳಗ್ಗೆಯವರೆಗೆ ಅದಕ್ಕೆ ಏನೂ ಗೊತ್ತಿರಲಿಲ್ಲ. ಈಲಿಯ ಒಳಗೆ ನೋವು ತಿಳಿಯುವ ನರವೇ ಇಲ್ಲವಂತೆ. ಮುಕ್ಕಾಲು ಪಾಲು ಹಾಳಾದರೂ ಉಳಿದ ಕಾಲು ಪಾಲು ಎಲ್ಲ ಕೆಲಸ ಹೊತ್ತುಕೊಂಡು ತುಟಿಪಿಟಿಕ್ಕೆನ್ನದೆ ದುಡಿಯುತ್ತದೆ. ಅದು ಕೂಗುವಷ್ಟರಲ್ಲಿ ನಮ್ಮ ಕೈಮೀರಿರುತ್ತದೆ. ನನ್ನದು ಕೂಗಿದ್ದು ಐದು ತಿಂಗಳ ಹಿಂದೆ.

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ, ಕೈ ಸೋತಿತ್ತು. ಈಗ ಕಷ್ಟದ ಮಾತು. ನನ್ನ ರಕ್ತದಲ್ಲಿ ಒಂದು ವೈರಸ್ ಇದೆ. ಈಲಿಯನ್ನೇ ಹುಡುಕಿಕೊಂಡು ಹೋಗಿ ಕೂರುವಂಥದ್ದು. ಚಿಕ್ಕ ವಯಸ್ಸಿನಲ್ಲಿ ಹತ್ತಿದರೆ ಸದ್ದಿಲ್ಲದೆ ಮೂವತ್ತು ನಲವತ್ತು ವರ್ಷ ಮೆಲ್ಲುತ್ತಲೇ ಇರುತ್ತದಂತೆ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಕೈ ಹಿಡಿದರೆ ಬರುವುದಿಲ್ಲ. ರಕ್ತ ರಕ್ತಕ್ಕೆ ತಾಗಬೇಕು, ಇಲ್ಲ ಗಂಡ ಹೆಂಡಿರ ನಡುವೆ, ಇಲ್ಲ ಹೆರುವಾಗ ತಾಯಿಯಿಂದ ಮಗುವಿಗೆ. ಡಾಕ್ಟರಮ್ಮ, "ಯಾರ ರಕ್ತ ನಿಮಗೆ ತಾಗಿರಬಹುದು, ನಿಮ್ಮದು ಯಾರಿಗೆ ತಾಗಿರಬಹುದು, ಯೋಚನೆ ಮಾಡಿ ಹೇಳಿ" ಎಂದಳು. ನಾನು ಯಾರದೂ ಇಲ್ಲ ಎಂದೆ. ಮನೆಗೆ ಬಂದು ಅಂಗಡಿಗೆ ಇಳಿದೆ. ತಕ್ಕಡಿಯ ಪಕ್ಕದ ಮೊಳೆಯಲ್ಲಿ ಅದು ತೂಗಾಡುತ್ತಿತ್ತು.

ಅಪ್ಪನ ಪಟಿಕದ ಕಲ್ಲು. ಕ್ಷೌರದವನು ಗಡ್ಡ ಹೆರೆದ ಮೇಲೆ ಉಜ್ಜುತ್ತಾನಲ್ಲ ಅದೇ, ನಮ್ಮದು ಮುಷ್ಟಿಯಷ್ಟು ದೊಡ್ಡದು. ಯಾರ ಬೆರಳು ಕೊಯ್ದರೂ ಬಟ್ಟೆ ಕಟ್ಟುವ ಹಾಗಿಲ್ಲ, ಬಟ್ಟೆ ಕಟ್ಟಿದ ಕೈ ಕಂಡರೆ ಗಿರಾಕಿ ಅಸಹ್ಯಪಡುತ್ತಾನೆ, ಕಲ್ಲು ಒತ್ತು, ರಕ್ತ ನಿಂತ ಕೂಡಲೇ ಕೆಲಸಕ್ಕೆ ನಿಲ್ಲು. ಇದು ಅಪ್ಪನ ಕಾನೂನು, ಅವನ ನಂತರ ನನ್ನ ಕಾನೂನು. ನನಗೆ ಹತ್ತು ವರ್ಷವಿದ್ದಾಗ ಮೊದಲ ಸಲ ಹೆಬ್ಬೆರಳು ಸೀಳಿತು. ಅಪ್ಪ ತನ್ನ ಕೈಗೆ ಒತ್ತಿಕೊಂಡಿದ್ದ ಕಲ್ಲನ್ನೇ ತೆಗೆದು ನನ್ನ ಬೆರಳಿಗೆ ಒತ್ತಿದ. "ಅಳಬೇಡ, ಈಗ ನೀನೂ ಅಂಗಡಿಯವಳು" ಎಂದ. ನನಗೆ ಹೆಮ್ಮೆಯಾಗಿತ್ತು. ಐವತ್ತು ವರ್ಷ ಎಷ್ಟು ಕೈ ಆ ಕಲ್ಲಿಗೆ ಒರಸಿಕೊಂಡಿವೆಯೋ. ಒಣಗಿದ ರಕ್ತದಲ್ಲೂ ಆ ವೈರಸ್ ಒಂದು ವಾರ ಜೀವ ಹಿಡಿದಿರುತ್ತದಂತೆ. ಅಪ್ಪನಿಗೆ ಎಲ್ಲಿಂದ ಬಂತು, ಯಾರಿಗೂ ಗೊತ್ತಿಲ್ಲ. ಅಪ್ಪನಿಂದ ನನಗೆ. ನನ್ನಿಂದ, ಈಗ ಗೊತ್ತಾಗಿರುವ ಮಟ್ಟಿಗೆ, ಅಂಗಡಿಯಲ್ಲಿ ಮೂಳೆ ಕೊಚ್ಚುವವನಿಗೆ. ಅಂಗಡಿಯ ಇಬ್ಬರು ಆಳುಗಳ ರಕ್ತವನ್ನೂ ತೋರಿಸಿದೆ, ಇನ್ನೊಬ್ಬನದು ಶುದ್ಧ. ಮೂಳೆ ಕೊಚ್ಚುವವನದು ಬೇಗ ಸಿಕ್ಕಿತು, ದಿನಾ ಒಂದು ಮಾತ್ರೆ ನುಂಗುತ್ತಾನೆ, ಈಲಿ ಇನ್ನೂ ಮೆತ್ತಗಿದೆ, ಹೀಗೇ ನುಂಗುತ್ತಿದ್ದರೆ ಮೊಮ್ಮಕ್ಕಳನ್ನು ಆಡಿಸುತ್ತಾನೆ ಎಂದರು. ನನ್ನ ಮಗಳಿಗೆ ಹುಟ್ಟಿದಾಗಲೇ ಚುಚ್ಚುಮದ್ದು ಬಿದ್ದಿತ್ತು, ಅವಳೂ ಪಾರು.

ಇನ್ನು ನೀನು. ನೀನು ಮನೆ ಬಿಟ್ಟ ವರ್ಷ, ಬಿಡುವುದಕ್ಕೆ ಎರಡೂವರೆ ತಿಂಗಳ ಮುಂಚೆ, ಕೊಕ್ಕೆ ತಾಗಿ ನೀನು ಅಂಗೈ ಹರಿದುಕೊಂಡೆ. ನೀನು ಔಷಧಿ ಅಂಗಡಿಗೆ ಹೊರಟಿದ್ದೆ. "ರಾಜಕುಮಾರ, ಇಷ್ಟಕ್ಕೆಲ್ಲ ಡಾಕ್ಟರ್ ಬೇಕಾ" ಎಂದು ನಾನು ಕೈ ಎಳೆದು ಕಲ್ಲು ಒತ್ತಿದೆ. ಅವತ್ತು ಬೆಳಗ್ಗೆ ನನ್ನ ಬೆರಳೂ ಕೊಯ್ದಿತ್ತು, ಕಲ್ಲಿನ ಒಂದು ಮೂಲೆ ಇನ್ನೂ ಕೆಂಪಗಿತ್ತು. ಡಾಕ್ಟರಮ್ಮನಿಗೆ ಆ ದಿನವನ್ನೂ ನೀನು ಮನೆ ಬಿಟ್ಟ ದಿನವನ್ನೂ ಹೇಳಿದೆ. ಅವಳು ಬೆರಳು ಮಡಿಚಿ ಎಣಿಸಿ, "ಹೀಗೇ ಆಯ್ತು ಅಂತ ನಾನು ಹೇಳೋಕಾಗಲ್ಲ, ಆದ್ರೆ ಹತ್ತಿದ ಮೇಲೆ ಕಣ್ಣು ಹಳದಿ ಆಗೋಕೆ ಅಷ್ಟೇ ದಿನ ಬೇಕು" ಎಂದಳು. ನೀನು ಬಿಟ್ಟುಹೋದ ದಿನ ಅಂಗಡಿಯಲ್ಲಿ ನಿನ್ನ ಕಣ್ಣು ಹಳದಿ, ಮಾಂಸದ ವಾಸನೆಗೆ ವಾಂತಿ, ಕೈಯಲ್ಲಿ ಕತ್ತಿ ನಿಲ್ಲುತ್ತಿರಲಿಲ್ಲ. ನಾನು ಗಿರಾಕಿಗಳ ಮುಂದೆ ನಿನ್ನ ರೆಪ್ಪೆ ಎಳೆದು, "ನೋಡಿ, ಅಪ್ಪನ ದಾರಿ ಹಿಡಿದವ್ನೆ, ಕುಡುಕ" ಎಂದೆ. "ಅಕ್ಕಾ, ಮುಟ್ಟಿಲ್ಲ ಅಕ್ಕಾ" ಎಂದು ನೀನು ಒಂದೇ ಸಲ ಹೇಳಿದೆ. ಕಾಲರ್ ಹಿಡಿದು ಎಳೆದೆ, ಇನ್ನೂ ಬೈದೆ. ನೀನು ಏಪ್ರನ್ ಬಿಚ್ಚಿ ಕುರಿ ನೇತುಹಾಕುವ ಕೊಕ್ಕೆಗೆ ಸಿಕ್ಕಿಸಿ ಹೋದೆ. ಆ ಕೊಕ್ಕೆಗೆ ನಾನು ಇವತ್ತಿಗೂ ಏನೂ ಹಾಕಿಲ್ಲ.

ದೊಡ್ಡವರಾದ ಮೇಲೆ ಹತ್ತಿದರೆ ಬಹಳ ಜನರ ಮೈ ಅದನ್ನು ತಾನೇ ಹೊರಹಾಕುತ್ತದಂತೆ. ನಿನ್ನದೂ ಹಾಕಿರಬಹುದು. ಹಾಕದೆಯೂ ಇರಬಹುದು. ನೋಡಿದರೆ ಗೊತ್ತಾಗುವುದಿಲ್ಲ, ನೀನು ಗುಂಡುಕಲ್ಲು ಆಗಿರುವುದರಿಂದಂತೂ ಗೊತ್ತಾಗುವುದಿಲ್ಲ, ರಕ್ತ ಒಂದೇ ಹೇಳಬೇಕು. ನಿನ್ನಲ್ಲಿದ್ದರೆ ಹೆಂಡತಿಗೂ ಹೋಗಿರಬಹುದು, ಅವಳಿಂದ ಮಗುವಿಗೂ. ಅಕ್ಕ ತಮ್ಮನಿಗೆ ಬರೆಯುವ ಮಾತಲ್ಲ ಇದು, ಆದರೂ ಬರೆದಿದ್ದೇನೆ. ಇಲ್ಲದವರಿಗೆ ಮೂರು ಚುಚ್ಚುಮದ್ದು ಹಾಕಿದರೆ ಮುಂದೆ ಬರುವುದಿಲ್ಲ. ಇದ್ದವರಿಗೆ ಮಾತ್ರೆ ಇದೆ. ಅಪ್ಪನಿಗೆ ಗೊತ್ತಿರಲಿಲ್ಲ, ನನಗೆ ತಡವಾಗಿ ಗೊತ್ತಾಯಿತು, ನಿನಗೆ ಈಗಲೇ ಗೊತ್ತಾಗಿದೆ. ಇದಕ್ಕಿಂತ ಹೆಚ್ಚಿಗೆ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಕಲ್ಲನ್ನು ಮೂಳೆ ಕೊಚ್ಚುವ ಕತ್ತಿಯಿಂದ ನಾನೇ ಒಡೆದೆ. ಮೇಲೆಲ್ಲ ಕಂದು, ಒಳಗೆ ಇನ್ನೂ ಬೆಳ್ಳಗಿತ್ತು. ಕೈಗವಸು ಹಾಕಿಕೊಂಡು ಎತ್ತಿ ಡಬ್ಬಿಗೆ ತುಂಬಿ ಆಸ್ಪತ್ರೆಯವರ ಕೈಗೆ ಕೊಟ್ಟೆವು. ಮೊಳೆ ಹಾಗೇ ಇದೆ. ಈಗ ಅಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿಗಳ ಪೊಟ್ಟಣ ತೂಗುತ್ತದೆ, ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಬಟ್ಟೆ ಕಟ್ಟಿದ ಕೈ ಕಂಡು ಒಬ್ಬ ಗಿರಾಕಿಯೂ ಓಡಿಹೋಗಿಲ್ಲ.

ಹೆಂಡತಿಗೆ ನನ್ನ ಆಶೀರ್ವಾದ ಹೇಳು, ನಾನು ಅವಳಿಗೆ ಒಂದು ಸೀರೆಯನ್ನೂ ಕೊಟ್ಟವಳಲ್ಲ. ಮಗುವಿನ ತಲೆಯ ಮೇಲೆ ನನ್ನ ಪರವಾಗಿ ಒಂದು ಸಲ ಕೈಯಿಡು. ಮೂವರೂ ಗಟ್ಟಿಯಾಗಿರಿ.

ನಿನ್ನ ಅಕ್ಕ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ. ಮಾರ್ಚ್ ೮. ಅಕ್ಷರ ಸೊಟ್ಟ ಬರುತ್ತಿದೆ, ಕೈ ರೆಕ್ಕೆಯ ಹಾಗೆ ಬಡಿಯುತ್ತದೆ, ಬೇಗ ಬರೆದು ಮುಗಿಸುತ್ತೇನೆ. ಮಗಳಿಗೆ ಇದನ್ನು ತೋರಿಸಿಲ್ಲ. ಅವತ್ತು ಕಾಲರ್ ಹಿಡಿದು ಎಳೆದೆನಲ್ಲ, ಹೊಡೆಯುತ್ತಾಳೆ ಎಂದು ನೀನು ಕಣ್ಣು ಮುಚ್ಚಿಕೊಂಡೆ. ಹೊಡೆಯಲು ಎಳೆದಿರಲಿಲ್ಲ. ನಿನ್ನ ಬಾಯಿ ಮೂಸಲು ಎಳೆದೆ. ವಾಂತಿಯ ಹುಳಿ ಬಿಟ್ಟರೆ ಏನೂ ವಾಸನೆ ಇರಲಿಲ್ಲ. ಕೆಟ್ಟ ಮಾಂಸವನ್ನು ಬಾಗಿಲಲ್ಲೇ ಹಿಡಿಯುವ ಮೂಗು ನನ್ನದು, ಅದಕ್ಕೆ ಅನುಮಾನವೇ ಇರಲಿಲ್ಲ. ನೀನು ಕುಡಿದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಆದರೆ ಮಾತು ಬಾಯಿಂದ ಬಿದ್ದಾಗಿತ್ತು, ಗಿರಾಕಿಗಳು ನೋಡುತ್ತಿದ್ದರು, ನುಂಗಿಕೊಳ್ಳಲು ಆಗಲಿಲ್ಲ, ಅದಕ್ಕೇ ಇನ್ನೂ ಜೋರಾಗಿ ಬೈದೆ. ಅವತ್ತು ಬಾಯಿ ಮುಚ್ಚಿ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರೆ ನಿನಗೂ ನನಗೂ ಒಂಬತ್ತು ವರ್ಷ ಮೊದಲೇ ಗೊತ್ತಾಗುತ್ತಿತ್ತು. ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ನನಗೆ ರಕ್ತದ ರಿಪೋರ್ಟು ಬೇಕು, ಮೂರು, ನಿನ್ನದು, ಅವಳದು, ಮಗುವಿನದು. ಮಾರ್ಚ್ ಇಪ್ಪತ್ತೆರಡರೊಳಗೆ ಇಲ್ಲಿಗೆ ಬಂದು ಸೇರಬೇಕು. ಆಮೇಲೆ ಬಂದರೆ ಓದಿ ತಿಳಿದುಕೊಳ್ಳುವಷ್ಟು ಬುದ್ಧಿ ನನ್ನಲ್ಲಿ ಉಳಿದಿರುತ್ತದೋ ಇಲ್ಲವೋ. ಇಪ್ಪತ್ತೆರಡು.